ಪರೇಲಿನ ಚಾಳಿನಿಂದ ಲಂಡನ್ನಿಗೆ

ಗುರಿ ಇಟ್ಕೊಂಡು ಓದಿ ಅಂತ ಎಲ್ಲರೂ ಹೇಳ್ತಾರೆ. ಆ ಗುರಿ ಅರ್ಧದಲ್ಲೇ ಮುರಿದುಬಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳೋದಿಲ್ಲ. ನಮ್ಮ ಪರೇಲಿನಲ್ಲೇ ಬಾಳಿದ ಬಾಬಾಸಾಹೇಬ್ ಅಂಬೇಡ್ಕರರ ಜೀವನವನ್ನು ನಾನು ಓದಿದ್ದು ಈ ಪ್ರಶ್ನೆ ಇಟ್ಕೊಂಡೇ. ಸಂವಿಧಾನದ ಅಂಬೇಡ್ಕರರು ಎಲ್ಲರಿಗೂ ಗೊತ್ತು. ಓದಿಗಾಗಿ ಕಾಸು ಕೂಡಿಟ್ಟ ಅಂಬೇಡ್ಕರರು ನಮ್ಮಂಥ ಕಾಮರ್ಸ್ ಹುಡುಗರಿಗೆ ಇನ್ನೂ ಹತ್ತಿರ.

ಹುಟ್ಟಿದ್ದು 1891ರಲ್ಲಿ, ಮಹೂದಲ್ಲಿ. ಮುಂಬಯಿಗೆ ಬಂದ ಮೇಲೆ ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ. ತಂದೆ ರಾಮ್‌ಜಿ ಸಕ್ಪಾಲರು ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸೋರು. ಚಾಳು ಮಲಗಿದ್ದಾಗ ಸೀಮೆಎಣ್ಣೆ ದೀಪದಲ್ಲಿ ಓದು. ಎಲ್ಫಿನ್‌ಸ್ಟನ್‌ನಲ್ಲಿ ಕಲಿತು 1912ರಲ್ಲಿ ಬಿ.ಎ. ಮುಗಿಸಿದರು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಸಿಕ್ಕಿತು, ತಿಂಗಳಿಗೆ ಹನ್ನೊಂದೂವರೆ ಪೌಂಡು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾದಲ್ಲಿ ನೌಕರಿ ಮಾಡಬೇಕೆಂಬ ಕರಾರೂ ಇತ್ತು. ಕೊಲಂಬಿಯಾದಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ, ಬ್ಯಾರಿಸ್ಟರಿ ಎರಡಕ್ಕೂ ಸೇರಿದರು. ಮರುವರ್ಷವೇ ವೇತನ ನಿಂತಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದೇ ಹಡಗು ಹತ್ತಿದರು. ನನಗೆ ಇದು ಬಹಳ ದೊಡ್ಡದಾಗಿ ಕಾಣುತ್ತದೆ. ಕೈಯಲ್ಲಿ ಕಾಸಿಲ್ಲ, ಆದರೆ ವಾಯಿದೆ ಗೊತ್ತು.

ಬರೋಡಾ ನೌಕರಿಯಲ್ಲಿ ಜವಾನರು ಫೈಲುಗಳನ್ನು ದೂರದಿಂದ ಎಸೆಯೋರು. ಇಳಿದುಕೊಂಡಿದ್ದ ಪಾರ್ಸಿ ಛತ್ರದಿಂದಲೂ ಹೊರದಬ್ಬಿದರು. ಕೆಲವೇ ದಿನಗಳಲ್ಲಿ ಮುಂಬಯಿಗೆ ವಾಪಸು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರು. ಅದೂ ಕಾಮರ್ಸ್ ಕಾಲೇಜೇ! ಸಂಬಳ 450 ರೂಪಾಯಿ. ಪ್ರೊಫೆಸರುಗಳ ನೀರಿನ ಕೊಡ ಮುಟ್ಟಬಾರದು ಅಂತ ಅಲ್ಲೂ ಕೆಲವರು ತಕರಾರು ತೆಗೆದರು. ಆದರೂ ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರುತ್ತಿದ್ದರು.

ಆ ಸಂಬಳದಲ್ಲೇ ಉಳಿತಾಯ. ಪರೇಲಿನ ಮನೆಯನ್ನು ಬಿಗಿಹಿಡಿದು ನಡೆಸಿದವರು ರಮಾಬಾಯಿಯವರು. ಗುರಿ ಒಬ್ಬರದು ಅಂತೀವಿ, ಅದಕ್ಕಾಗಿ ಒಂದು ಹೊತ್ತಿನ ಊಟ ಕಡಿಮೆ ಮಾಡ್ಕೊಂಡವರ ಲೆಕ್ಕ ಯಾವ ಖಾತೆಯಲ್ಲೂ ಇರೋದಿಲ್ಲ. ಬಿ.ಕಾಂ. ಆದಕೂಡಲೇ ಬ್ಯಾಂಕ್ ಪರೀಕ್ಷೆಗೆ ಕೂರು ಅಂತಾರೆ ನಮ್ಮಪ್ಪ; ನನಗೆ ಎಂ.ಕಾಂ. ಆಸೆ. ರಮಾಬಾಯಿಯವರ ವಿಷಯ ಓದಿದ ಮೇಲೆ ಅಪ್ಪನ ಮಾತಿಗೆ ಥಟ್ಟನೆ ಉತ್ತರ ಕೊಡೋಕೆ ಆಗ್ತಿಲ್ಲ.

ಉಳಿತಾಯದ ಜೊತೆಗೆ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. 1920ರ ಜುಲೈನಲ್ಲಿ, ವಾಯಿದೆ ತೀರುವ ಮೊದಲೇ ಮತ್ತೆ ಲಂಡನ್. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್. ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧವನ್ನು ತಿದ್ದಿಕೊಡಿ ಅಂತ ಹಿಂದಿರುಗಿಸಿದರು. ಬ್ರಿಟಿಷ್ ಸರಕಾರದ ಹಣನೀತಿಯನ್ನು ಅದು ಬಲವಾಗಿ ಟೀಕಿಸಿತ್ತು. ಅಂಬೇಡ್ಕರರು ತೀರ್ಮಾನ ಬದಲಿಸದೆ ತಿದ್ದಿ ಕಳಿಸಿದರು. 1923ರಲ್ಲಿ ಡಿ.ಎಸ್ಸಿ. ಬಂತು, ಪುಸ್ತಕವೂ ಅಚ್ಚಾಯಿತು.

ಆ ವರ್ಷ ಮುಂಬಯಿಗೆ ಮರಳಿದಾಗ ವಕೀಲಿಯ ಸನದಿಗೆ ಕಟ್ಟಲು ದುಡ್ಡಿರಲಿಲ್ಲ. ಮತ್ತೆ ಭಥೇನಾರೇ ಕೊಟ್ಟರು. ಕಕ್ಷಿದಾರರು ಕಡಿಮೆ. ಹಾಗಾಗಿ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿದರು. ನಾವು ಗೊಣಗುತ್ತಾ ಓದುವ ಮರ್ಕೆಂಟೈಲ್ ಲಾ ಇದೆಯಲ್ಲ, ಅದನ್ನೇ.