ಟಿಪರರಿಯಿಂದ ತಿಪ್ಪಾರಹಳ್ಳಿಗೆ

ಟಿ.ಪಿ. ಕೈಲಾಸಂ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಅವರ ಜೋಕುಗಳು. ಆ ಜೋಕು ಹೇಳಿದವರು ಯಾವ ಭಾಷೆಯವರು ಅಂತ ಕೇಳಿದರೆ ಮಾತ್ರ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ.

1884ರಲ್ಲಿ ಹುಟ್ಟಿದ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಓದಿ, ಸ್ಕಾಲರ್‌ಶಿಪ್ ಮೇಲೆ ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತರು. ಊರಿಗೆ ವಾಪಸ್ ಬಂದಿದ್ದು 1915ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತು ಶುರುವಾದದ್ದೂ ಅದೇ ವರ್ಷ. ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಬಿಟ್ಟರು. (ಕೋರ್ ಬ್ರ್ಯಾಂಚ್ ಓದಿ ಬೇರೆ ದಾರಿ ಹಿಡಿದವರಲ್ಲಿ ನಾವೇ ಮೊದಲಿಗರಲ್ಲ!)

ಆಮೇಲೆ ನಾಟಕ. ಅರಮನೆ, ಪುರಾಣ, ಹಾಡುಗಳೇ ತುಂಬಿದ್ದ ರಂಗದ ಮೇಲೆ ಅವರು ಬಸವನಗುಡಿ, ಚಾಮರಾಜಪೇಟೆಯಂಥ ಬಡಾವಣೆಯ ಮಧ್ಯಮವರ್ಗದ ಮನೆಯನ್ನು ತಂದು ಕೂರಿಸಿದರು. ‘ಟೊಳ್ಳುಗಟ್ಟಿ’ಯ ಪುಟ್ಟು ಮಾರ್ಕ್ಸ್ ತೆಗೆಯೋ ಹುಡುಗ, ಮಾಧು ಮನೆಗೆ ಆಗೋ ಹುಡುಗ. ಅವರ ಪಾತ್ರಗಳ ಬಾಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಶುದ್ಧ ಕನ್ನಡದ ಪಂಡಿತರಿಗೆ ಇದು ರುಚಿಸಲಿಲ್ಲ. ಆದರೆ ಮನೆಗಳಲ್ಲಿ ಜನ ಆಡ್ತಿದ್ದದ್ದೇ ಹಾಗೆ. ಊರು ಬಿಟ್ಟ ಸೈನಿಕರು ಹಾಡುತ್ತಿದ್ದ ಇಂಗ್ಲಿಷಿನ ಟಿಪರರಿ ಹಾಡು ಅವರ ಕೈಯಲ್ಲಿ ತಿಪ್ಪಾರಹಳ್ಳಿ ಆಯಿತು.

ನಮ್ಮನ್ನು ತಡೆದು ನಿಲ್ಲಿಸೋದು ಇನ್ನೊಂದು ವಿಷಯ. ನಗಿಸುವ ನಾಟಕಗಳನ್ನು ಕನ್ನಡದಲ್ಲಿ ಬರೆದ ಕೈಲಾಸಂ, ಏಕಲವ್ಯ ಮತ್ತು ಕರ್ಣರ ದುಃಖವನ್ನು ಇಂಗ್ಲಿಷಿನಲ್ಲಿ ಬರೆದರು. ಒಬ್ಬ ಬೇಡರ ಹುಡುಗ, ಕಲಿಯಲು ಬಂದ ಕಡೆ ಜಾಗವಿಲ್ಲ. ಇನ್ನೊಬ್ಬ ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಮತ್ತೊಂದು ಕಡೆ. ಸಭೆಯಲ್ಲಿ ನಿಂತರೆ ಕುಲ ಯಾವುದು ಅನ್ನೋ ಪ್ರಶ್ನೆ. ಎರಡು ಮೂರು ಭಾಷೆಗಳ ನಡುವೆ ಬದುಕಿದವರು ಇವರಿಬ್ಬರನ್ನೇ ಆರಿಸಿಕೊಂಡದ್ದು ಆಕಸ್ಮಿಕ ಅಂತ ನಮಗೆ ಅನಿಸಲ್ಲ.

ಅವರ ಕುಡಿತ, ಸಿಗರೇಟು, ಬೋಹೀಮಿಯನ್ ಬದುಕಿನ ಬಗ್ಗೆ ಕಥೆಗಳು ಬೇಕಾದಷ್ಟಿವೆ. ಅದಕ್ಕೆಲ್ಲ ಈಗ ಕೂತು ಒಂದು ಕಾಯಿಲೆಯ ಹೆಸರು ಹಚ್ಚೋದು ತಪ್ಪು. ಅವರ ಕುಡಿತವನ್ನೂ ಜೋಕು ಮಾಡಿ ಹೇಳ್ತೀವಲ್ಲ, ಅದೂ ಸರಿಯಲ್ಲ. ಸದಾ ನಗಿಸೋ ಮನುಷ್ಯನನ್ನು ನೀನು ಹೇಗಿದ್ದೀಯ ಅಂತ ಯಾರೂ ಕೇಳಲ್ಲ. ನಮ್ಮ ಹಾಸ್ಟೆಲಲ್ಲೂ ಮನೆಗೆ ಫೋನ್ ಮಾಡುವಾಗ ತೆಲುಗೋ ಕೊಂಕಣಿಯೋ, ರೂಮಲ್ಲಿ ಕನ್ನಡ, ವೈವಾದಲ್ಲಿ ಇಂಗ್ಲಿಷ್ ಆಡೋರು ಎಷ್ಟೋ ಜನ. ಮೂರು ಭಾಷೆ ಭಾರ ಅಲ್ಲ. ಹಾಗಾದ್ರೆ ನೀನು ನಿಜವಾಗಿ ಯಾರು ಅಂತ ಪದೇ ಪದೇ ಕೇಳಿಸಿಕೊಳ್ಳೋದು ಸುಸ್ತು ಮಾಡುತ್ತೆ.

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮದ್ರಾಸಿನಲ್ಲಿ. ಆ ತಮಿಳು ಊರಲ್ಲಿ ಕನ್ನಡಿಗರ ಅಧ್ಯಕ್ಷರಾಗಿ ಕೂತದ್ದು ತಮಿಳು ಮನೆಮಾತಿನ ಕೈಲಾಸಂ. ಮರುವರ್ಷ ನವೆಂಬರಿನಲ್ಲಿ ತೀರಿಕೊಂಡರು.