ಪೇಟನ್ ರೌಸ್: ಒಂದು ಕೋಳಿಯಿಂದ ನಮ್ಮ ಜೀನೋಮ್‌ವರೆಗೆ

ಹೊಳಲ್ಕೆರೆ ಸುತ್ತಲಿನ ಯಾವುದೇ ಹಳ್ಳಿಯ ಶಾಲೆಯಲ್ಲಿ ಮನೆಯಲ್ಲಿ ಕೋಳಿ ಸಾಕಿದವರು ಯಾರೆಂದು ಕೇಳಿದರೆ ಹಲವು ಕೈಗಳು ಮೇಲೇಳುತ್ತವೆ. ವೈರಸ್ಸಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ನಮ್ಮ ದೇಹದೊಳಗೆ ಹುದುಗಿರುವ ಪುರಾತನ ವೈರಸ್ ವಂಶವಾಹಿಗಳ ಕಥೆ ಆರಂಭವಾಗುವುದೂ ಒಂದು ಕೋಳಿಯಿಂದಲೇ. ಆ ಕೋಳಿಯನ್ನು ಪರೀಕ್ಷಿಸಿದವರು ಅಮೆರಿಕದ ವಿಜ್ಞಾನಿ ಪೇಟನ್ ರೌಸ್.

ರೌಸ್ ಹುಟ್ಟಿದ್ದು 1879ರ ಅಕ್ಟೋಬರ್ 5ರಂದು, ಬಾಲ್ಟಿಮೋರ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿಯ ತವರು ದೂರದ ಟೆಕ್ಸಾಸ್. ತವರಿಗೆ ಹೋದರೆ ಆಸರೆ ಸಿಗುತ್ತಿತ್ತು. ಆದರೂ ಮೂವರು ಮಕ್ಕಳಿಗೆ ಒಳ್ಳೆಯ ಶಿಕ್ಷಣ ಸಿಗಲೆಂದು ಆಕೆ ಬಾಲ್ಟಿಮೋರ್‌ನಲ್ಲೇ ಉಳಿದರು. ಬಾಲಕ ರೌಸ್‌ಗೆ ಕಾಡುಹೂಗಳ ಮೇಲೆ ಬಹಳ ಆಸಕ್ತಿ. ಹದಿಹರೆಯದಲ್ಲೇ ಊರಿನ ಪತ್ರಿಕೆಗೆ ಆಯಾ ತಿಂಗಳ ಹೂಗಳ ಬಗ್ಗೆ ಬರೆಯುತ್ತಿದ್ದರು. ನೋಡಿದ್ದನ್ನು ನೋಡಿದಂತೆಯೇ ಬರೆದಿಡುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.

ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಶಿಕ್ಷಣ ಪಡೆಯುತ್ತಿದ್ದಾಗ, ಕ್ಷಯ ತಗುಲಿದ ಮೂಳೆಯೊಂದು ಬೆರಳಿಗೆ ಗೀರಿ ಅವರಿಗೂ ಕ್ಷಯ ಬಂತು. ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷ ಟೆಕ್ಸಾಸ್‌ನಲ್ಲಿ ದನ ಕಾಯುತ್ತಾ ಚೇತರಿಸಿಕೊಂಡರು. 1905ರಲ್ಲಿ ಪದವಿ ಪಡೆದರೂ ರೋಗಿಗಳಿಗೆ ಚಿಕಿತ್ಸೆ ನೀಡುವ ವೃತ್ತಿ ತಮಗೆ ಒಗ್ಗದೆಂದು ಕಂಡುಕೊಂಡು ಸಂಶೋಧನೆಯತ್ತ ತಿರುಗಿದರು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಕ್ಯಾನ್ಸರ್ ಸಂಶೋಧನೆಯ ಹೊಣೆ ಅವರ ಪಾಲಿಗೆ ಬಂತು.

ಅದೇ ಸುಮಾರಿಗೆ ಎದೆಯಲ್ಲಿ ದೊಡ್ಡ ಗಡ್ಡೆಯಿದ್ದ ಪ್ಲಿಮೌತ್ ರಾಕ್ ತಳಿಯ ಕೋಳಿಯೊಂದು ಅವರ ಪ್ರಯೋಗಾಲಯ ಸೇರಿತು. ಗಡ್ಡೆಯ ತುಣುಕನ್ನು ಅದೇ ತಳಿಯ ಇತರ ಕೋಳಿಗಳಿಗೆ ಸೇರಿಸಿದಾಗ ಅವುಗಳಲ್ಲೂ ಗಡ್ಡೆ ಬೆಳೆಯಿತು. ಮುಂದಿನ ಹೆಜ್ಜೆ ನಿರ್ಣಾಯಕವಾಗಿತ್ತು. ರೌಸ್ ಗಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ದಾಟಲಾಗದಷ್ಟು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದರು. ಸೋಸಿದ ದ್ರವವನ್ನು ಚುಚ್ಚಿದಾಗಲೂ ಕ್ಯಾನ್ಸರ್ ಬಂತು. ಸೋಸುಕವನ್ನು ದಾಟಿದ್ದು ವೈರಸ್ಸೇ ಆಗಿರಬೇಕು. 1911ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹೆಚ್ಚಿನವರು ಒಪ್ಪಲಿಲ್ಲ. ಕ್ಯಾನ್ಸರ್ ಅಂಟುಜಾಡ್ಯವಲ್ಲ ಎಂಬುದು ಅಂದಿನ ದೃಢ ನಂಬಿಕೆ. ಸೋಸುಕದಲ್ಲಿ ರಂಧ್ರವಿರಬೇಕು, ಅದು ನಿಜವಾದ ಕ್ಯಾನ್ಸರ್ ಅಲ್ಲ, ಕೋಳಿಗೆ ಬಂದದ್ದು ಮನುಷ್ಯನಿಗೆ ಅನ್ವಯಿಸದು ಎಂಬ ಆಕ್ಷೇಪಗಳು ಬಂದವು. ಇಲಿಗಳ ಗಡ್ಡೆಗಳಲ್ಲಿ ಇಂಥ ವೈರಸ್ ಹುಡುಕಿ ರೌಸ್ ಸ್ವತಃ ಸೋತರು. ಕೆಲವೇ ವರ್ಷಗಳಲ್ಲಿ ಈ ಕೆಲಸವನ್ನು ಬದಿಗಿಟ್ಟರು.

ಆದರೆ ಕೈಕಟ್ಟಿ ಕೂರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸಹೋದ್ಯೋಗಿ ಟರ್ನರ್ ಜೊತೆ ಸೇರಿ ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತವನ್ನು ವಾರಗಟ್ಟಲೆ ಕೆಡದಂತೆ ಇಡುವ ವಿಧಾನ ಕಂಡುಹಿಡಿದರು. 1917ರಲ್ಲಿ ಯುದ್ಧರಂಗದಲ್ಲಿ ಆರಂಭವಾದ ರಕ್ತಸಂಗ್ರಹಕ್ಕೆ ಅದೇ ಆಧಾರವಾಯಿತು. 1930ರ ದಶಕದಲ್ಲಿ, ಮೊಲಗಳ ಗಂಟುಗಳಿಗೆ ವೈರಸ್ ಕಾರಣವೆಂದು ರಿಚರ್ಡ್ ಶೋಪ್ ತೋರಿಸಿದ ಮೇಲೆ, ರೌಸ್ ಮತ್ತೆ ಹಳೆಯ ಪ್ರಶ್ನೆಗೆ ಮರಳಿದರು. ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ. ಆಗ ಅವರಿಗೆ 87 ವರ್ಷ. ಕೋಳಿಯ ಪ್ರಯೋಗ ಪ್ರಕಟವಾಗಿ 55 ವರ್ಷ ಕಳೆದಿತ್ತು. ಅವರ ಅಳಿಯ ಅಲನ್ ಹಾಡ್ಜ್‌ಕಿನ್‌ಗೆ ಮೂರು ವರ್ಷ ಮೊದಲೇ ಆ ಪ್ರಶಸ್ತಿ ಬಂದಿತ್ತು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ದಶಕಗಳ ಕಾಲ ಅಪನಂಬಿಕೆ ಎದುರಿಸಿದ ರೌಸ್, ದೇಹಕೋಶಗಳ ವಂಶವಾಹಿಗಳಲ್ಲಾಗುವ ಬದಲಾವಣೆಯಿಂದ ಕ್ಯಾನ್ಸರ್ ಬರುತ್ತದೆಂಬ ವಾದವನ್ನು ತಾವೂ ನಂಬಲಿಲ್ಲ. ನೊಬೆಲ್ ಉಪನ್ಯಾಸದಲ್ಲೂ ಅದನ್ನು ಟೀಕಿಸಿದರು. ಹತ್ತು ವರ್ಷಗಳ ನಂತರ, 1976ರಲ್ಲಿ, ಬಿಷಪ್ ಮತ್ತು ವಾರ್ಮಸ್ ಅವರ ತಂಡ ರೌಸ್ ವೈರಸ್ಸಿನ ಕ್ಯಾನ್ಸರ್ ವಂಶವಾಹಿಯ ಮೂಲ ಕೋಳಿಯ ಆರೋಗ್ಯವಂತ ಕೋಶಗಳಲ್ಲೇ ಇದೆಯೆಂದು ತೋರಿಸಿತು. ವೈರಸ್ ಅದನ್ನು ಕೋಳಿಯಿಂದಲೇ ಪಡೆದಿತ್ತು.

ರೌಸ್ 1970ರ ಫೆಬ್ರುವರಿ 16ರಂದು ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಜೂನ್‌ನಲ್ಲಿ ಹವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ ಒಂದು ಕಿಣ್ವದ ವಿಷಯ ಪ್ರಕಟಿಸಿದರು. ಟೆಮಿನ್ ಅದನ್ನು ಕಂಡದ್ದು ರೌಸ್ ವೈರಸ್ಸಿನಲ್ಲೇ. ಆ ಕಿಣ್ವ ವೈರಸ್ಸಿನ ಆರ್‌ಎನ್‌ಎಯನ್ನು ನೋಡಿ ಡಿಎನ್‌ಎ ಪ್ರತಿಯನ್ನು ತಯಾರಿಸುತ್ತದೆ. ಆ ಪ್ರತಿ ಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದೆ. ಇಂಥ ವೈರಸ್ಸುಗಳೇ ರೆಟ್ರೊವೈರಸ್ಸುಗಳು. ಅವು ಅಂಡಾಣು ಅಥವಾ ವೀರ್ಯಾಣುವನ್ನು ಕೊಡುವ ಕೋಶದಲ್ಲಿ ನೆಲೆಸಿದರೆ ತಾಯಿ ತಂದೆಯಿಂದ ಮಕ್ಕಳಿಗೆ ಇಳಿದು ಬರುತ್ತವೆ. ಕೋಳಿಗಳಲ್ಲಿ ಹೀಗೆ ಆನುವಂಶಿಕವಾಗಿ ಬರುವ ವೈರಸ್ಸುಗಳಿವೆಯೆಂದು 1960ರ ದಶಕದ ಕೊನೆಯಿಂದ ಸ್ಪಷ್ಟವಾಗತೊಡಗಿತು.

2001ರಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾದಾಗ ಅದರ ಸುಮಾರು ಶೇ. 8ರಷ್ಟು ಭಾಗ ಪ್ರಾಚೀನ ರೆಟ್ರೊವೈರಸ್ಸುಗಳ ಅವಶೇಷವೆಂದು ತಿಳಿಯಿತು. ಪ್ರೋಟೀನ್ ತಯಾರಿಸುವ ಸಂಕೇತಗಳ ಪಾಲು ಶೇ. 2ಕ್ಕಿಂತ ಕಡಿಮೆ! ಇವು ರೌಸ್‌ರ ವೈರಸ್ಸಿನ ಸಂತತಿಯಲ್ಲ. ನಮ್ಮ ಪೂರ್ವಜ ಪ್ರಾಣಿಗಳಿಗೆ ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ತಗುಲಿದ ಬೇರೆ ವೈರಸ್ಸುಗಳ ಗುರುತುಗಳು. ಹೆಚ್ಚಿನವು ಮುರಿದು ನಿಷ್ಕ್ರಿಯವಾಗಿವೆ. ಬಹುಕಾಲ ಇವನ್ನು ಕಸವೆಂದೇ ಕರೆಯಲಾಗುತ್ತಿತ್ತು.

ಆದರೆ ಎಲ್ಲವೂ ಕಸವಲ್ಲ. ವೈರಸ್ ಕೋಶದೊಳಗೆ ಹೊಗಲು ತನ್ನ ಹೊರಪದರವನ್ನು ಕೋಶದ ಪೊರೆಗೆ ಬೆಸೆಯುತ್ತದೆ. ಆ ಬೆಸುಗೆಯ ಪ್ರೋಟೀನಿನ ವಂಶವಾಹಿಯೊಂದು ನಮ್ಮಲ್ಲಿ ಉಳಿದಿದೆ. ಅದರ ಪ್ರೋಟೀನಿನ ಹೆಸರು ಸಿನ್ಸಿಟಿನ್. ಜರಾಯುವಿನ ಕೋಶಗಳು ಒಂದಕ್ಕೊಂದು ಬೆಸೆದು ಅಖಂಡ ಪದರವಾಗಲು ಅದು ನೆರವಾಗುತ್ತದೆಂದು 2000ದಲ್ಲಿ ವರದಿಯಾಯಿತು. ತಾಯಿಯ ರಕ್ತದಿಂದ ಮಗುವಿಗೆ ಆಹಾರ ದಾಟುವುದು ಆ ಪದರದ ಮೂಲಕವೇ. ಇಲಿಗಳಲ್ಲಿಯೂ ಇಂಥದೇ ವಂಶವಾಹಿಗಳಿವೆ, ಆದರೆ ಅವು ಬೇರೆ ವೈರಸ್ಸಿನಿಂದ ಬಂದವು. ಅವುಗಳಲ್ಲೊಂದನ್ನು ತೆಗೆದಾಗ ಭ್ರೂಣಗಳು ಗರ್ಭದಲ್ಲೇ ಸತ್ತವು.

ಹತ್ತನೆಯ ತರಗತಿಗೆ ಜರಾಯುವಿನ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಈ ಜೀವನವನ್ನು ಐದು ನಿಮಿಷ ಹೇಳಬಹುದು. ವೈರಸ್ಸೆಲ್ಲ ಶತ್ರು ಎಂಬ ಸರಳ ಗೆರೆಯನ್ನು ಅದು ಅಳಿಸುತ್ತದೆ. ನಮಗೂ ಅದರಲ್ಲಿ ಒಂದು ಪಾಠವಿದೆ. ಬೋಧನಾಭ್ಯಾಸದ ನಲವತ್ತು ನಿಮಿಷಗಳಲ್ಲಿ ಪಾಠಯೋಜನೆಗೆ ಹೊಂದದ ಉತ್ತರ ಬಂದರೆ ತಪ್ಪೆಂದು ದಾಟಿ ಮುಂದೆ ಹೋಗುವ ಆತುರ ಎಲ್ಲರಿಗೂ ಇರುತ್ತದೆ. ರೌಸ್‌ರ ಸೋಸುಕದ ಬಗ್ಗೆ ಅಂದಿನವರು ಮಾಡಿದ್ದೂ ಅದನ್ನೇ, ಇಳಿವಯಸ್ಸಿನಲ್ಲಿ ರೌಸ್ ಮಾಡಿದ್ದೂ ಅದನ್ನೇ. ಹೊಂದದ ಉತ್ತರವನ್ನು ಕರಿಹಲಗೆಯ ಒಂದು ಮೂಲೆಯಲ್ಲಿ ಬರೆದಿಡಿ. ಪಾಠ ಮುಗಿಯುವ ಮೊದಲು ಒಮ್ಮೆ ಅದರತ್ತ ತಿರುಗಿ, ಪರೀಕ್ಷಿಸುವುದು ಹೇಗೆಂದು ಮಕ್ಕಳನ್ನೇ ಕೇಳಿ. ಅಳಿಸುವುದಿದ್ದರೆ ಆಮೇಲೆ ಅಳಿಸಬಹುದು.