ಬೋ ಮ್ಯಾಕ್‌ಮಿಲಿನ್

ಆಲ್ವಿನ್ ನ್ಯೂಜೆಂಟ್ ಮ್ಯಾಕ್‌ಮಿಲಿನ್ (ಜನವರಿ 12, 1895 – ಮಾರ್ಚ್ 31, 1952) ಅಮೆರಿಕನ್ ಫುಟ್‌ಬಾಲ್ ಆಟಗಾರ ಮತ್ತು ತರಬೇತುದಾರ. ‘ಬೋ’ ಎಂಬ ಅಡ್ಡಹೆಸರಿನಿಂದಲೇ ಅವರು ಪ್ರಸಿದ್ಧರು. ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನ ಸೆಂಟರ್ ಕಾಲೇಜಿನ ತಂಡದಲ್ಲಿ ಅವರು ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ಮುನ್ನಡೆಸುವ ಆಟಗಾರರಾಗಿದ್ದರು. 1919ರ ಅಜೇಯ ಋತು ಮತ್ತು 1921ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ಗಳಿಸಿದ ಜಯ ಅವರ ಹೆಸರನ್ನು ಉಳಿಸಿದವು. ಈ ಫುಟ್‌ಬಾಲ್ ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ಇದರಲ್ಲಿ ಆಟಗಾರರು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಅದನ್ನು ಎದುರಾಳಿಯ ಗಡಿಗೆರೆ ದಾಟಿಸಿದರೆ ‘ಟಚ್‌ಡೌನ್’ ಆಗಿ 6 ಅಂಕಗಳು ದೊರೆಯುತ್ತವೆ.

ಆರಂಭಿಕ ಜೀವನ

ಮ್ಯಾಕ್‌ಮಿಲಿನ್ ಟೆಕ್ಸಾಸ್‌ನ ಪ್ರೇರಿ ಹಿಲ್‌ನಲ್ಲಿ ಜನಿಸಿ ಫೋರ್ಟ್ ವರ್ತ್ ನಗರದಲ್ಲಿ ಬೆಳೆದರು. ಅಲ್ಲಿನ ನಾರ್ತ್ ಸೈಡ್ ಪ್ರೌಢಶಾಲೆಯಲ್ಲಿ ರಾಬರ್ಟ್ ಮೈಯರ್ಸ್ ಅವರ ತರಬೇತುದಾರರಾಗಿದ್ದರು. ಸೆಂಟರ್ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದ ಮೈಯರ್ಸ್ ತಾವು ಬೆಳೆಸಿದ ಹುಡುಗರನ್ನು ಅದೇ ಕಾಲೇಜಿಗೆ ಸೇರಿಸಬೇಕೆಂದು ಬಯಸಿದರು. ಪ್ರವೇಶಕ್ಕೆ ಅಗತ್ಯವಾದ ಓದು ಪೂರ್ಣಗೊಂಡಿರದ ಕಾರಣ ಮ್ಯಾಕ್‌ಮಿಲಿನ್ ಮತ್ತು ಅವರ ಗೆಳೆಯ ರೆಡ್ ವೀವರ್ ಮೊದಲು ಕೆಂಟಕಿಯ ಸಾಮರ್ಸೆಟ್ ಪ್ರೌಢಶಾಲೆಯಲ್ಲಿ ಕಲಿಯಬೇಕಾಯಿತು.

1917ರಲ್ಲಿ ಮೈಯರ್ಸ್ ಕಾಲೇಜು ತಂಡದ ಹೊಣೆಯನ್ನು ಚಾರ್ಲಿ ಮೊರಾನ್‌ಗೆ ಬಿಟ್ಟುಕೊಟ್ಟರು. ಬೇಸಿಗೆಯಲ್ಲಿ ಬೇಸ್‌ಬಾಲ್ ಅಂಪೈರ್ ಆಗಿ ದುಡಿಯುತ್ತಿದ್ದ ಮೊರಾನ್ ಹಿಂದೆ ಟೆಕ್ಸಾಸ್ ಎ ಅಂಡ್ ಎಮ್ ತಂಡದ ತರಬೇತುದಾರರಾಗಿದ್ದವರು. ಅದೇ ವರ್ಷ ಸೆಂಟರ್ ತಂಡ ಕೆಂಟಕಿ ವಿಶ್ವವಿದ್ಯಾಲಯವನ್ನು 3–0 ಅಂಕಗಳಿಂದ ಸೋಲಿಸಿತು. ಆ ಮೂರೂ ಅಂಕಗಳು ಮ್ಯಾಕ್‌ಮಿಲಿನ್ ಅವರ ಒಂದೇ ಒದೆತದಿಂದ ಬಂದವು.

1919ರ ಋತು

ಆಗ ಸೆಂಟರ್ ಕಾಲೇಜಿನಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ ಮುನ್ನೂರನ್ನೂ ಮುಟ್ಟುತ್ತಿರಲಿಲ್ಲ. ಪಂದ್ಯಕ್ಕೆ ಮುನ್ನ ಪ್ರಾರ್ಥನೆ ಸಲ್ಲಿಸುವ ರೂಢಿಯಿಂದ ತಂಡಕ್ಕೆ ‘ಪ್ರೇಯಿಂಗ್ ಕರ್ನಲ್ಸ್’ ಎಂಬ ಹೆಸರು ಬಂದಿತ್ತು.

1919ರಲ್ಲಿ ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ಗಳಿಸಿದ ಅಂಕಗಳು 485, ಬಿಟ್ಟುಕೊಟ್ಟವು 23. ಹ್ಯಾನೋವರ್ ವಿರುದ್ಧದ 95–0ರಂತಹ ಏಕಪಕ್ಷೀಯ ಪಂದ್ಯಗಳು ಈ ಮೊತ್ತವನ್ನು ಹಿಗ್ಗಿಸಿವೆಯಾದ್ದರಿಂದ ತಂಡದ ನಿಜವಾದ ಸತ್ವವನ್ನು ಬೇರೆ ಎರಡು ಪಂದ್ಯಗಳಲ್ಲಿ ಹುಡುಕಬೇಕು. ಇಂಡಿಯಾನಾ ವಿರುದ್ಧ ಬಹುಕಾಲ ಹಿಂದುಳಿದಿದ್ದ ಸೆಂಟರ್ ಕೊನೆಯ ನಿಮಿಷಗಳಲ್ಲಿ ಎರಡು ಟಚ್‌ಡೌನ್ ಗಳಿಸಿ 12–3ರಿಂದ ಗೆದ್ದಿತು. ಪ್ರಿನ್ಸ್‌ಟನ್ ತಂಡವನ್ನು 25–0ರಿಂದ ಸೋಲಿಸಿದ್ದ ವೆಸ್ಟ್ ವರ್ಜೀನಿಯಾ ಎದುರು ಅರ್ಧ ಆಟ ಮುಗಿದಾಗ 6–0ರಿಂದ ಹಿಂದಿದ್ದರೂ ಪಂದ್ಯವನ್ನು 14–6ರಿಂದ ತನ್ನದಾಗಿಸಿಕೊಂಡಿತು.

ಅಂದು ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಧಿಕೃತ ಪದ್ಧತಿ ಇರಲಿಲ್ಲ. ಬಹುಕಾಲದ ನಂತರ ಹಳೆಯ ಫಲಿತಾಂಶಗಳನ್ನು ಲೆಕ್ಕಹಾಕಿದ ಜೆಫ್ ಸ್ಯಾಗರಿನ್ ಅವರ ಶ್ರೇಯಾಂಕ ಪದ್ಧತಿಯು ಆ ವರ್ಷದ ಅಗ್ರಸ್ಥಾನವನ್ನು ಸೆಂಟರ್‌ಗೆ ನೀಡಿದೆ. ಆದರೆ ಆ ಕಾಲದಲ್ಲಿಯೇ ದೊರೆತ ಮನ್ನಣೆಯೂ ಸಣ್ಣದಲ್ಲ. ವಾಲ್ಟರ್ ಕ್ಯಾಂಪ್ ಆರಿಸಿದ ಅಖಿಲ ಅಮೆರಿಕ ಮೊದಲ ತಂಡದಲ್ಲಿ ಮ್ಯಾಕ್‌ಮಿಲಿನ್ ಮತ್ತು ವೀವರ್ ಇಬ್ಬರಿಗೂ ಸ್ಥಾನ ಸಿಕ್ಕಿತು.

ಹಾರ್ವರ್ಡ್ ಪಂದ್ಯಗಳು

1920ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ವಿರುದ್ಧ ಅರ್ಧ ಆಟದವರೆಗೆ 14–14ರ ಸಮಬಲ ಕಾಯ್ದುಕೊಂಡ ಸೆಂಟರ್ ಕೊನೆಗೆ 31–14ರಿಂದ ಸೋತಿತು. ಹಾರ್ವರ್ಡ್ ನಾಯಕರು ಗೌರವಾರ್ಥವಾಗಿ ನೀಡಬಂದ ಪಂದ್ಯದ ಚೆಂಡನ್ನು ಮ್ಯಾಕ್‌ಮಿಲಿನ್ ನಿರಾಕರಿಸಿ, ಮುಂದಿನ ವರ್ಷ ಅದನ್ನು ಗೆದ್ದು ಒಯ್ಯುವುದಾಗಿ ತಿಳಿಸಿದರೆಂದು ಪ್ರತೀತಿ.

1921ರ ಅಕ್ಟೋಬರ್ 29ರಂದು ತಂಡ ಮತ್ತೆ ಹಾರ್ವರ್ಡ್ ಕ್ರೀಡಾಂಗಣಕ್ಕಿಳಿಯಿತು. 1919 ಮತ್ತು 1920ರ ಋತುಗಳಲ್ಲಿ ಹಾರ್ವರ್ಡ್ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಮೊದಲರ್ಧದಲ್ಲಿ ಯಾರಿಗೂ ಅಂಕ ದೊರೆಯಲಿಲ್ಲ. ಮೂರನೆಯ ಅವಧಿಯ ಆರಂಭದಲ್ಲಿ ಚೆಂಡು ಹಿಡಿದ ಮ್ಯಾಕ್‌ಮಿಲಿನ್ ಎದುರಾಳಿಗಳನ್ನು ತಪ್ಪಿಸುತ್ತಾ 32 ಗಜ ಓಡಿ ಗಡಿಗೆರೆ ದಾಟಿದರು. ಟಚ್‌ಡೌನ್ ನಂತರದ ಹೆಚ್ಚುವರಿ ಅಂಕದ ಒದೆತ ಗುರಿ ತಪ್ಪಿತಾದರೂ ಆ 6 ಅಂಕಗಳೇ ಸಾಕಾದವು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಮತದಾನದಲ್ಲಿ ಈ ಪಂದ್ಯ ಅರ್ಧ ಶತಮಾನದ ಅತ್ಯಂತ ಅನಿರೀಕ್ಷಿತ ಫುಟ್‌ಬಾಲ್ ಫಲಿತಾಂಶವೆನಿಸಿತು.

ಆ ಋತುವಿನ ಕೊನೆ ಮಾತ್ರ ಸಿಹಿಯಾಗಿರಲಿಲ್ಲ. 1922ರ ಜನವರಿ 2ರಂದು ಮ್ಯಾಕ್‌ಮಿಲಿನ್ ಬೆಳಿಗ್ಗೆ ಮದುವೆಯಾಗಿ, ಅದೇ ದಿನ ಡಲ್ಲಾಸ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಮ್ ವಿರುದ್ಧ ಆಡಿದರು. ಮೊರಾನ್ ಅವರ ಹಳೆಯ ತಂಡ 22–14ರಿಂದ ಗೆದ್ದಿತು. ಗಾಯಾಳುಗಳು ಹೆಚ್ಚಿದ್ದ ಆ ತಂಡಕ್ಕೆ ನೆರವಾಗಲು ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ನಡುವಿನಿಂದ ಇಳಿದುಬಂದು ಸಮವಸ್ತ್ರ ಧರಿಸಿ ನಿಂತ. ಅಮೆರಿಕದಲ್ಲಿ ಇಂದಿಗೂ ಹೆಸರಾಗಿರುವ ‘ಹನ್ನೆರಡನೆಯ ಆಟಗಾರ’ ಸಂಪ್ರದಾಯದ ಮೂಲ ಇದೇ ಪಂದ್ಯ.

ತರಬೇತುದಾರರಾಗಿ

ಸೆಂಟೆನರಿ ಕಾಲೇಜಿನಲ್ಲಿ (1922–24) ತರಬೇತಿ ವೃತ್ತಿ ಆರಂಭಿಸಿದ ಮ್ಯಾಕ್‌ಮಿಲಿನ್ ನಂತರ ಪೆನ್ಸಿಲ್ವೇನಿಯಾದ ಜಿನೀವಾ ಕಾಲೇಜಿಗೆ ಬಂದರು. ಈ ಸಣ್ಣ ಕಾಲೇಜಿನ ತಂಡವೂ 1926ರಲ್ಲಿ ಹಾರ್ವರ್ಡ್ ಅನ್ನು 16–7ರಿಂದ ಸೋಲಿಸಿತು. ಕನ್ಸಾಸ್ ಸ್ಟೇಟ್‌ನಲ್ಲಿ ಆರು ಋತುಗಳನ್ನು ಕಳೆದು 1934ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. 1945ರಲ್ಲಿ ಅವರ ತಂಡ ಒಂಬತ್ತು ಪಂದ್ಯ ಗೆದ್ದು, ನಾರ್ತ್‌ವೆಸ್ಟರ್ನ್ ಜೊತೆಗಿನ ಒಂದನ್ನು ಮಾತ್ರ ಸಮಬಲದಲ್ಲಿ ಮುಗಿಸಿ, ಇಂಡಿಯಾನಾದ ಮೊಟ್ಟಮೊದಲ ಬಿಗ್ ಟೆನ್ ಪ್ರಶಸ್ತಿ ಗಳಿಸಿತು. ಯುದ್ಧದಿಂದ ಮರಳಿದ ಪೀಟ್ ಪೀಹೋಸ್ ಮತ್ತು ಕಪ್ಪುವರ್ಣೀಯ ಯುವ ಆಟಗಾರ ಜಾರ್ಜ್ ಟ್ಯಾಲಿಯಫೆರೊ ಆ ತಂಡದಲ್ಲಿದ್ದರು. ಟ್ಯಾಲಿಯಫೆರೊ 1949ರಲ್ಲಿ ವೃತ್ತಿಪರ ಲೀಗ್‌ನ ಆಟಗಾರರ ಆಯ್ಕೆಯಲ್ಲಿ ಆರಿಸಲ್ಪಟ್ಟ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿದರು.

ವೃತ್ತಿಪರ ಕ್ಷೇತ್ರ ಮ್ಯಾಕ್‌ಮಿಲಿನ್ ಅವರಿಗೆ ಅಷ್ಟಾಗಿ ಒಲಿಯಲಿಲ್ಲ. 1948ರಿಂದ 1950ರವರೆಗೆ ಡೆಟ್ರಾಯಿಟ್ ಲಯನ್ಸ್ ಅವರ ನೇತೃತ್ವದಲ್ಲಿ 12 ಪಂದ್ಯ ಗೆದ್ದು 24ರಲ್ಲಿ ಸೋತಿತು. 1951ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಸೇರಿ ಮೊದಲೆರಡೂ ಪಂದ್ಯಗಳನ್ನು ಗೆಲ್ಲಿಸಿದರೂ, ಹೊಟ್ಟೆಯ ಕ್ಯಾನ್ಸರ್ ಕಾಣಿಸಿಕೊಂಡು ಹುದ್ದೆ ತೊರೆಯಬೇಕಾಯಿತು.

ನಿಧನ ಮತ್ತು ಸ್ಮರಣೆ

1952ರ ಮಾರ್ಚ್ 31ರಂದು ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ 57ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅದಕ್ಕೂ ಹಿಂದಿನ ವರ್ಷ ಕಾಲೇಜು ಫುಟ್‌ಬಾಲ್ ಕೀರ್ತಿ ಭವನಕ್ಕೆ ಆಯ್ಕೆಯಾದ ಮೊದಲ ತಂಡದವರಲ್ಲಿ ಅವರೂ ಒಬ್ಬರು. ಹಾರ್ವರ್ಡ್ ಮೇಲಿನ ಜಯದ ಬಳಿಕ ಡ್ಯಾನ್‌ವಿಲ್‌ನ ಗೋಡೆಗಳ ಮೇಲೆ ವಿದ್ಯಾರ್ಥಿಗಳು ಪಂದ್ಯದ ಅಂಕಗಳನ್ನು ರಾಸಾಯನಿಕ ಸೂತ್ರದಂತೆ ‘ಸಿ6 ಎಚ್0’ ಎಂದು ಬರೆದಿದ್ದರು; ಹಳೆಯ ಅಂಚೆ ಕಚೇರಿ ಕಟ್ಟಡದ ಗೋಡೆಯಲ್ಲಿ ಆ ಬರಹವನ್ನು ಉಳಿಸಿಕೊಳ್ಳಲಾಗಿದೆ.